ಹ್ಯಾಂಗ್ ಆದದ್ದು ಯಾರು ಸ್ವಾಮೀ?

ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಮು ಕೆಟ್ಟು ಕೂತರೂ ಬೈಸಿಕೊಳ್ಳುವುದು ಸ್ಕ್ರೀನ್ ರೀಡರ್. ಮಾತಾಡುವವರ ಹಣೆಬರಹವೇ ಅಷ್ಟು ಅನ್ನಿ. ಕಣ್ಣು ಕಾಣದ ನನ್ನಂಥವರಿಗೆ ತೆರೆಯ ಮೇಲಿರುವುದನ್ನೆಲ್ಲ ಓದಿ ಹೇಳುತ್ತಾ ದಿನವಿಡೀ ಗಂಟಲು ಹರಿದುಕೊಳ್ಳುವ ಈ ಸಾಫ್ಟ್‌ವೇರು, ಎಕ್ಸೆಲ್ಲೋ ಬ್ರೌಸರೋ ಉಸಿರು ಕಟ್ಟಿ ಕೂತಾಗ ತಾನೂ ಗಪ್‌ಚಿಪ್. ಆಗ ಮನೆಯವರದೆಲ್ಲ ಒಂದೇ ರಾಗ: “ನಿನ್ನ ಆ ಮಾತಾಡೋದು ಮತ್ತೆ ಕೆಟ್ಟೋಯ್ತು ನೋಡು.” ಎಕ್ಸೆಲ್ ಕೆಟ್ಟಿತು ಅಂತ ಇವತ್ತಿನವರೆಗೆ ಒಬ್ಬರ ಬಾಯಲ್ಲೂ ಬಂದಿಲ್ಲ. ಎಕ್ಸೆಲ್ಲಿಗೆ ಅಷ್ಟು ಮರ್ಯಾದೆ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಎನ್‌ವಿಡಿಎ. ಪೂರ್ತಿ ಪುಕ್ಕಟೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಅದನ್ನು ಬರೆಯಲು ಕೂತ, ಆಮೇಲೆ ಜೇಮ್ಸ್ ಟೆ ಜೊತೆಗೂಡಿದ. ಇಬ್ಬರಿಗೂ ಕಣ್ಣು ಕಾಣದು. ಚಿಕ್ಕಂದಿನಲ್ಲಿ ಅಂಧ ಮಕ್ಕಳ ಸಂಗೀತ ಶಿಬಿರದಲ್ಲಿ ಗೆಳೆಯರಾದವರು. ದುಡ್ಡು ಕೊಟ್ಟು ಕೊಳ್ಳುವ ಸ್ಕ್ರೀನ್ ರೀಡರುಗಳ ಬೆಲೆ ಕೇಳಿ ಬಾಯಿ ಒಣಗಿಸಿಕೊಂಡವರಿಗೆಲ್ಲ ಇವರು ಪುಣ್ಯಾತ್ಮರು. ಬಟನ್, ಲಿಂಕ್, ಮೆನು, ಖಾಲಿ ಅಂತ ಎನ್‌ವಿಡಿಎ ಕಂಡದ್ದನ್ನೆಲ್ಲ ಒದರುತ್ತಿರುತ್ತದೆ. ಅದರ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡವೂ ಗೊತ್ತು, ಅಳು ನಗು ಎರಡೂ ಗೊತ್ತಿಲ್ಲದ ಕನ್ನಡ. ಕಿವಿ ಪಳಗಿದ ಮೇಲೆ ನಾವು ಅದರ ವೇಗ ಏರಿಸುತ್ತಾ ಹೋಗುತ್ತೇವೆ, ಹೊರಗಿನವರಿಗೆ ಒಂದಕ್ಷರವೂ ದಕ್ಕದಷ್ಟು. ಹುಣಸೂರಿನ ನಮ್ಮ ಬೀದಿಯ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಗಮನವಿಟ್ಟು ಕೇಳಿ, “ಇದು ಟಿಬೆಟಿನವರ ಭಾಷೆಯೇನಪ್ಪ?” ಅಂದರು. ಗುರುಪುರದ ಕ್ಯಾಂಪು, ಬೈಲಕುಪ್ಪೆ ಎರಡೂ ಮಗ್ಗುಲಲ್ಲೇ ಇರುವಾಗ ಆ ಊಹೆಗೂ ಒಂದು ನ್ಯಾಯವಿದೆ. ಅದು ಓದುತ್ತಿದ್ದದ್ದು ಅವರದೇ ಪಹಣಿ.

ಇಂಥ ಬಾಯಿಬಡುಕ ಇದ್ದಕ್ಕಿದ್ದಂತೆ ಮೌನವ್ರತ ಹಿಡಿದರೆ ಏನೆಂದು ತಿಳಿಯುವುದು? ಚಾರ್ಜು ಮುಗಿಯಿತೇ? ಕೈ ತಾಗಿ ವಾಲ್ಯೂಮು ಇಳಿಯಿತೇ? ಹೆಡ್‌ಫೋನಿನ ಪಿನ್ನು ಸಡಿಲವಾಯಿತೇ? ಬ್ಲೂಟೂತು ಹೋಗಿ ಒಳಗಿನ ಸ್ಪೀಕರಿಗೆ ಅಂಟಿಕೊಂಡು ನನ್ನ ಬ್ಯಾಂಕ್ ಬ್ಯಾಲೆನ್ಸನ್ನು ಅಡುಗೆಮನೆಗೆ ಓದಿ ಹೇಳುತ್ತಿದೆಯೇ? (ಆಗಿದೆ. ಅದರ ಪರಿಣಾಮ ಇಲ್ಲಿ ಬರೆಯುವಂಥದ್ದಲ್ಲ.) ಮೊದಲು ಲ್ಯಾಪ್‌ಟಾಪಿನ ಪಕ್ಕೆಗೆ ಅಂಗೈ ಒಡ್ಡುತ್ತೇನೆ. ಬಿಸಿಗಾಳಿ ಬರುತ್ತಿದ್ದರೆ ಜೀವ ಇದೆ ಅಂತ ಲೆಕ್ಕ. ಗಾಳಿ ಜೋರಾಗಿದ್ದರೆ ಒಳಗೆ ಯಾರೋ ತಲೆ ಕೆಡಿಸಿಕೊಂಡು ಒದ್ದಾಡುತ್ತಿದ್ದಾರೆ ಅಂತ ಅರ್ಥ. ಯಾರು ಅನ್ನುವುದು ಅಂಗೈಗೆ ತಿಳಿಯುವುದಿಲ್ಲ.

ಕಣ್ಣಿದ್ದವರಿಗೆ ಈ ಪತ್ತೇದಾರಿಕೆ ಬೇಕಿಲ್ಲ. ಒಂದು ಪ್ರೋಗ್ರಾಮು 5 ಸೆಕೆಂಡು ಕರೆಗೆ ಓಗೊಡದಿದ್ದರೆ ವಿಂಡೋಸೇ ಮುಂದೆ ಬಂದು, ಆ ಕಿಟಕಿಯ ಮೇಲೆ ಅದರದೇ ಅಚ್ಚಿನ ಇನ್ನೊಂದನ್ನು ಹೊದಿಸಿ, ಬಿಳಿಚಿಸಿ, ಹೆಸರಿನ ಪಕ್ಕ ‘ನಾಟ್ ರೆಸ್ಪಾಂಡಿಂಗ್’ ಅಂತ ಬರೆದುಬಿಡುತ್ತದೆ. ಇದಕ್ಕೆ ಮೈಕ್ರೋಸಾಫ್ಟಿನವರು ಇಟ್ಟ ಹೆಸರು ಘೋಸ್ಟ್ ವಿಂಡೋ. ಪಾಪ, ಆ ಭೂತ ತನ್ನ ಕೆಲಸ ಅಚ್ಚುಕಟ್ಟಾಗಿಯೇ ಮಾಡುತ್ತದೆ. ಬರೆದದ್ದನ್ನು ಓದಿ ಹೇಳಬೇಕಾದವನೂ ಅದೇ ಹೊತ್ತಿಗೆ ನಾಲಗೆ ಕಚ್ಚಿಕೊಂಡು ಬಿದ್ದಿದ್ದಾನೆ ಅನ್ನುವುದೊಂದು ಅದಕ್ಕೆ ಗೊತ್ತಿರುವುದಿಲ್ಲ.

ಇವನು ಯಾಕೆ ಬೀಳಬೇಕು? ಡಾಸ್ ಕಾಲದಲ್ಲಿ ಈ ರಗಳೆ ಇರಲಿಲ್ಲ. ಟೆಡ್ ಹೆಂಟರ್ ಅಂತ ಅಮೆರಿಕದ ಮೋಟಾರ್‌ಸೈಕಲ್ ರೇಸಿನವನೊಬ್ಬ 1978ರಲ್ಲಿ ಕಾರಿನ ಅಪಘಾತದಲ್ಲಿ ಕಣ್ಣು ಕಳೆದುಕೊಂಡು, ಪ್ರೋಗ್ರಾಮಿಂಗ್ ಕಲಿತು, 1989ರಲ್ಲಿ ‘ಜಾಸ್’ ಅನ್ನುವ ಸ್ಕ್ರೀನ್ ರೀಡರ್ ತಂದ. ಆಗ ತೆರೆಯ ಮೇಲಿನ ಅಕ್ಷರ ಮೆಮೊರಿಯಲ್ಲೂ ಅಕ್ಷರವಾಗಿಯೇ ಕೂತಿರುತ್ತಿತ್ತು. ಸೀದಾ ಅಲ್ಲಿಗೆ ಕೈ ಹಾಕಿ ಓದಿಕೊಂಡರಾಯಿತು, ಯಾರ ಅಪ್ಪಣೆಯೂ ಬೇಡ. ವಿಂಡೋಸ್ ಬಂದು ಅಕ್ಷರಗಳೆಲ್ಲ ಚುಕ್ಕಿಗಳ ಚಿತ್ರವಾದವು. ಚಿತ್ರ ಬಿಡಿಸುವಾಗ ಕದ್ದು ಕೇಳಿಸಿಕೊಂಡು ಕೆಲವು ಕಾಲ ಸಂಸಾರ ನಡೆಯಿತು. 1997ರಲ್ಲಿ ಮೈಕ್ರೋಸಾಫ್ಟು ಆಕ್ಟಿವ್ ಆ್ಯಕ್ಸೆಸಿಬಿಲಿಟಿ ಅಂತ ಒಂದು ಶಿಷ್ಟಾಚಾರ ಮಾಡಿತು. ಕದಿಯಬೇಡಿ, ಆಯಾ ಪ್ರೋಗ್ರಾಮನ್ನೇ ಕೇಳಿ, ಅದೇ ಹೇಳುತ್ತದೆ. ಬಲು ಸಭ್ಯವಾದ ಏರ್ಪಾಡು. ಕೇಳಿಸಿಕೊಳ್ಳುವವನಿಗೆ ಪ್ರಜ್ಞೆ ಇರಬೇಕು, ಅಷ್ಟೆ.

ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆ ಮುಂದಿನದ್ದನ್ನು ಬಿಡಿಸಿ ಹೇಳಬೇಕಿಲ್ಲ. ಕೌಂಟರಿನಲ್ಲಿ ಒಬ್ಬರೇ ಗುಮಾಸ್ತರು. ನಿಮ್ಮ ಅರ್ಜಿ ಕೈಗೆ ತೆಗೆದುಕೊಂಡು “ಸರ್ವೆ ಸೆಕ್ಷನ್ನಲ್ಲಿ ಕೇಳ್ಕಂಡು ಬತ್ತೀನಿ” ಅಂತ ಎದ್ದು ಹೋದರು. ಸರ್ವೆಯವರು ಕುರ್ಚಿಯಲ್ಲೇ ಇದ್ದಾರೆ, ಉತ್ತರ ಮಾತ್ರ ಇಲ್ಲ. ಇವರು ನಿಯತ್ತಿನ ಮನುಷ್ಯ, ಉತ್ತರ ಸಿಗದೆ ಕದಲುವವರಲ್ಲ. ಅಲ್ಲೇ ನಿಂತರು. ಇತ್ತ ಕೌಂಟರಿನ ಮುಂದೆ ವಿಧವಾ ವೇತನದವರು, ಜಾತಿ ಸರ್ಟಿಫಿಕೇಟಿನವರು, ಬರೀ ಸೀಲು ಹಾಕಿಸಿಕೊಳ್ಳಲು ಬಂದವರು, ಎಲ್ಲರೂ ನಿಂತರು. ಎನ್‌ವಿಡಿಎಯ ಮುಖ್ಯ ಕೆಲಸಗಳೆಲ್ಲ ನಡೆಯುವುದು ಇಂಥ ಒಂದೇ ಕೌಂಟರಿನಲ್ಲಿ. ‘ನಿನ್ನ ಹೆಸರೇನು, ನೀನು ಬಟನ್ನೋ ಬಾಕ್ಸೋ, ಟಿಕ್ ಆಗಿದ್ದೀಯೋ ಇಲ್ಲವೋ’ ಅಂತ ಎಕ್ಸೆಲ್ಲನ್ನು ಕೇಳಲು ಹೋದದ್ದು ಉತ್ತರ ಬರುವತನಕ ಅಲ್ಲೇ. ಅಷ್ಟರಲ್ಲಿ ನೀವು ಗಂಟೆ ಎಷ್ಟು ಅಂತ ಕೇಳಿದರೂ ಹೇಳಲು ಜನ ಇಲ್ಲ.

ಇದೆಲ್ಲ ಎನ್‌ವಿಡಿಎ ಬರೆದವರಿಗೂ ಗೊತ್ತಿತ್ತು. ಅವರೂ ಈ ಮೌನವನ್ನು ಉಂಡವರೇ ತಾನೆ. ಅದಕ್ಕೇ ಎನ್‌ವಿಡಿಎ ಒಳಗೆ ‘ವಾಚ್‌ಡಾಗ್’ ಅಂತ ಒಂದು ಪ್ರತ್ಯೇಕ ಎಳೆ ಇಟ್ಟಿದ್ದಾರೆ. ಕೌಂಟರಿನವರು ಜಾಗದಲ್ಲಿದ್ದಾರೋ ಇಲ್ಲವೋ ಅಂತ ನೋಡುವುದೇ ಅದರ ಕೆಲಸ. ಸಾಮಾನ್ಯ ಲೆಕ್ಕದಲ್ಲಿ 10 ಸೆಕೆಂಡು ಸೈರಿಸಿಕೊಳ್ಳುತ್ತದೆ. ಅಷ್ಟಾದರೂ ಪತ್ತೆ ಇಲ್ಲದಿದ್ದರೆ ಕೇಳಿದ ಪ್ರಶ್ನೆಯನ್ನೇ ರದ್ದು ಮಾಡಿ ಎಳೆದು ತರಲು ನೋಡುತ್ತದೆ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ನೀವು ಕೆಟ್ಟ ಕಿಟಕಿಯ ಮುಂದೆ ಕೂತೇ ಇದ್ದರೆ ಆ ಹತ್ತು ಸೆಕೆಂಡು ಕಳೆಯಬೇಕಾದೀತು. ಆಲ್ಟ್ ಟ್ಯಾಬ್ ಒತ್ತಿ ಬೇರೆ ಕಿಟಕಿಗೆ ದಾಟಿಬಿಟ್ಟರೆ, ‘ಇವನು ಇಲ್ಲಿಂದ ಹೊರಟ’ ಅಂತ ವಾಚ್‌ಡಾಗಿಗೆ ತಿಳಿದು ಅರ್ಧ ಸೆಕೆಂಡಿಗೇ ಎಬ್ಬಿಸುವ ಪ್ರಯತ್ನ ಶುರು. ನಮ್ಮಲ್ಲಿ ಎಷ್ಟೋ ಜನ ಇದು ತಿಳಿಯದೆ ದೇವರ ಮುಂದೆ ಕೂತ ಭಕ್ತಿಯಲ್ಲಿ ಎಕ್ಸೆಲ್ಲಿನ ಮುಂದೆ ಕೂತಿರುತ್ತಾರೆ. ಏಳಿ, ಜಾಗ ಖಾಲಿ ಮಾಡಿ.

ಹಾಗಂತ ಆ ಹತ್ತು ಸೆಕೆಂಡಿನಲ್ಲಿ ಸಿಕ್ಕಿದ ಕೀಲಿಗಳನ್ನೆಲ್ಲ ಕುಟ್ಟಬೇಡಿ. ಎನ್‌ವಿಡಿಎ ಒರಗಿರುವುದನ್ನು ವಾಚ್‌ಡಾಗ್ ಕಂಡುಕೊಂಡ ಮೇಲೆ ಕೀಲಿಗಳನ್ನು ತಡೆಯದೆ ಸೀದಾ ಒಳಗೆ ಬಿಡುವ ಏರ್ಪಾಡು ಇದೆ. ಕೀಬೋರ್ಡಾದರೂ ಉಳಿಯಲಿ ಅನ್ನುವ ಒಳ್ಳೆಯ ಉದ್ದೇಶ. ಆದರೆ ಮೌನದಲ್ಲಿ ಸಿಟ್ಟಿಗೆದ್ದು ಕುಟ್ಟಿದ ಎಂಟರ್ ಯಾವ ಬಟನ್ನಿನ ತಲೆ ಮೇಲೆ ಬಿತ್ತು ಅಂತ ಹೇಳುವವರು ಯಾರು? ನನ್ನ ಗೆಳತಿಯೊಬ್ಬಳು ಎಚ್.ಡಿ.ಕೋಟೆಯಲ್ಲಿದ್ದಾಳೆ. ಕಬಿನಿಯ ಹಿನ್ನೀರು, ಕಾಡಂಚು, ಸಿಗ್ನಲ್ಲು ಬಂದರೆ ಬಂತು. ನೆಟ್ಟಿನಲ್ಲಿಟ್ಟ ಫೈಲು ತೆರೆಯುವಾಗ ಸಿಗ್ನಲ್ಲು ಹೋಯಿತೋ, ವರ್ಡು ಫೈಲಿಗಾಗಿ ಕಾಯುತ್ತದೆ, ಎನ್‌ವಿಡಿಎ ವರ್ಡಿಗಾಗಿ ಕಾಯುತ್ತದೆ, ಇವಳು ಎನ್‌ವಿಡಿಎಗಾಗಿ ಕಾಯುತ್ತಾಳೆ, ಆಫೀಸಿನವರು ಇವಳಿಗಾಗಿ ಕಾಯುತ್ತಾರೆ. ಹೀಗೆ ಕಾದು ಕಾದು ಬೇಸತ್ತು ಅವಳು ಒತ್ತಿದ ಎಂಟರ್ ಒಂದು ಅರೆಬರೆ ರಜಾ ಅರ್ಜಿಯನ್ನು ಮೇಲಧಿಕಾರಿಗೆ ಕಳಿಸಿಬಿಟ್ಟಿತು. ‘ಮಾನ್ಯರೇ, ನನಗೆ’ ಅಂತ ಅಷ್ಟೇ ಇತ್ತಂತೆ. ರಜೆ ಮಂಜೂರಾಯಿತು.

ಎನ್‌ವಿಡಿಎಗೆ ಸ್ವಂತದ ಕಾಯಿಲೆಗಳೇ ಇಲ್ಲ ಅಂತ ನಾನು ವಕಾಲತ್ತು ಹಾಕುತ್ತಿಲ್ಲ. ತನ್ನಷ್ಟಕ್ಕೆ ತಾನೇ ಕುಸಿಯುವುದೂ ಉಂಟು. ಆಗ ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಹೊಸ ಎನ್‌ವಿಡಿಎ ಎದ್ದು ಹಳೆಯದನ್ನು ಆಚೆ ದಬ್ಬಿ ಕೆಲಸಕ್ಕೆ ಕೂರುತ್ತದೆ. ಆದರೆ ಈ ಕೀಲಿಯನ್ನು ಕೇಳಿಸಿಕೊಳ್ಳುವುದು ವಿಂಡೋಸಿನ ಎಕ್ಸ್‌ಪ್ಲೋರರ್. ಅದೇ ಮಲಗಿದ್ದರೆ ಕೀಲಿಯೂ ಮಲಗಿತು. ಮತ್ತೆ ಕೆಲವು ಸಲ ಎನ್‌ವಿಡಿಎ ಮಾತಾಡುತ್ತಲೇ ಇರುತ್ತದೆ, ಪ್ರಯೋಜನವಿರುವುದಿಲ್ಲ. ಹಳೆಯ ನುಡಿ ಫಾಂಟಿನ ಸುತ್ತೋಲೆ ಬಂದರೆ ಒಳಗಿರುವುದು ಕನ್ನಡವಲ್ಲವಲ್ಲ, ಇಂಗ್ಲಿಷಿನ ಅಕ್ಷರ, ಚಿಹ್ನೆಗಳಿಗೆ ಕನ್ನಡದ ವೇಷ. ಅದು ವೇಷ ನೋಡದೆ ಆ ಕಲಸುಮೇಲೋಗರವನ್ನೇ ಗಟ್ಟಿಯಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬಂದರೆ ‘ಖಾಲಿ’ ಅನ್ನುತ್ತದೆ. ಮೈಸೂರಿನಲ್ಲಿ ಅಂಧ ಮಕ್ಕಳ ಶಾಲೆ 1901ರಲ್ಲೇ ಶುರುವಾಯಿತು, ಸರ್ಕಾರಿ ಬ್ರೈಲ್ ಮುದ್ರಣಾಲಯವೂ ಅಲ್ಲಿದೆ. ಅಲ್ಲಿ ಓದಿದ ಹಿರಿಯರು ನಮ್ಮ ಗೋಳು ಕೇಳಿ ಬೆರಳು ಆಡಿಸುತ್ತಾ ನಗುತ್ತಾರೆ. ಬ್ರೈಲ್ ಪುಸ್ತಕ ಹ್ಯಾಂಗ್ ಆದ ದಾಖಲೆ ಇಲ್ಲ. ಒಂದು ಕಾದಂಬರಿಗೆ ಒಂದು ಕಪಾಟು ಬೇಕು, ಆ ಮಾತು ಬೇರೆ.

ಈಗ ಪಿರಿಯಾಪಟ್ಟಣದ ಕಥೆಗೆ ಬರೋಣ. ಅಲ್ಲಿ ನನ್ನ ಗೆಳೆಯ, ಅವನೂ ಎನ್‌ವಿಡಿಎ ಗಿರಾಕಿಯೇ, ಹೊಗೆಸೊಪ್ಪಿನ ಬೆಳೆಗಾರರ ಲೆಕ್ಕ ಬರೆದುಕೊಡುತ್ತಾನೆ. ಹರಾಜು ಶುರುವಾದರೆ ಅವನಿಗೆ ಉಸಿರಾಡಲು ಪುರುಸೊತ್ತಿಲ್ಲ. ಯಾರೋ ಪುಣ್ಯಾತ್ಮ ಮಾಡಿಟ್ಟ ಎಕ್ಸೆಲ್ ಹಾಳೆ ಅವನ ತಲೆಗೆ ಬಂದಿದೆ. ಎಕ್ಸೆಲ್ ಹಾಳೆಯೊಂದರಲ್ಲಿ 10,48,576 ಸಾಲುಗಳಿರುತ್ತವೆ. ಆ ಪುಣ್ಯಾತ್ಮ ಚೆಂದಕ್ಕಿರಲಿ ಅಂತ ಕೊನೆಯ ಸಾಲಿನವರೆಗೂ ಗೆರೆ, ಬಣ್ಣ, ಸೂತ್ರ ಎಳೆದಿದ್ದಾನೆ. ಪಿರಿಯಾಪಟ್ಟಣ, ಹುಣಸೂರು ಎರಡೂ ತಾಲ್ಲೂಕಿನ ಮನೆಮನೆಯೂ ಹೊಗೆಸೊಪ್ಪು ಬೆಳೆದರೂ ತುಂಬದಷ್ಟು ಸಾಲು. ಒಂದು ಅಂಕಿ ತಿದ್ದಿದರೆ ಸಾಕು, ಎಕ್ಸೆಲ್ ಲೆಕ್ಕ ಹಾಕಲು ಕೂರುತ್ತದೆ, ಎನ್‌ವಿಡಿಎ ಅದರ ಬಾಗಿಲಲ್ಲಿ ನಿಲ್ಲುತ್ತದೆ.

ಗೆಳೆಯ ಲ್ಯಾಪ್‌ಟಾಪನ್ನು ಕೆ.ಆರ್.ನಗರದಲ್ಲಿ ಅಕ್ಕನ ಮನೆಗೆ ಹೋದಾಗ ರಿಪೇರಿಗೆ ಕೊಟ್ಟ. ರಿಪೇರಿ ಹುಡುಗ ಆನ್ ಮಾಡಿದ್ದೇ ತಡ, ಅದು ಪಟಪಟ ಮಾತಾಡಿತು. “ಅಯ್ಯೋ ಸಾ, ವೈರಸ್ಸು! ಬಾಯ್ ಬೇರೆ ಬಂದದೆ ಇದುಕ್ಕೆ” ಅಂತ ಮೊದಲು ಮಾಡಿದ ಕೆಲಸವೇ ಎನ್‌ವಿಡಿಎ ಕಿತ್ತು ಹಾಕಿದ್ದು. ಆಮೇಲೆ ಎಕ್ಸೆಲ್ ತೆರೆದ. ಹ್ಯಾಂಗ್. ಮತ್ತೆ ತೆರೆದ. ಹ್ಯಾಂಗ್. “ವೈರಸ್ ಬೇರು ಬುಟ್ಟದೆ ಸಾ, ವಿಂಡೋಸ್ ತೆಗ್ದು ಹೊಸ್ದು ಹಾಕನ” ಅಂದ. ಕಿತ್ತು ಹಾಕಿದ ಮೇಲೂ ಹ್ಯಾಂಗ್ ಆಗುತ್ತಿರುವುದಕ್ಕೆ ಕಿತ್ತು ಹಾಕಿದ ಎನ್‌ವಿಡಿಎಯೇ ಕಾರಣ ಅನ್ನುವ ಈ ತರ್ಕದ ಮುಂದೆ ನನ್ನ ಗೆಳೆಯ ಮೂಕನಾದ.

ಆದರೂ ಬಿಡಲಿಲ್ಲ. ಎನ್‌ವಿಡಿಎಯನ್ನು ಮತ್ತೆ ಹಾಕಿಸಿ, ಆ ಹಾಳೆಯನ್ನು ತೆರೆದು, ಅದು ಬಿದ್ದು ಎದ್ದ ಮೇಲೆ ಅದರ ಲಾಗ್ ತೆಗೆದ. ವಾಚ್‌ಡಾಗ್ ಸುಮ್ಮನೆ ಕಾಯುವುದಿಲ್ಲ, ಯಾವ ಬಾಗಿಲಲ್ಲಿ ನಿಂತಿದ್ದಾಗ ಉಸಿರು ಕಟ್ಟಿತು ಅನ್ನುವುದನ್ನೂ ಲಾಗಿನಲ್ಲಿ ಬರೆದಿಡುತ್ತದೆ. ಕೋರ್ ಫ್ರೋಜನ್ ಅಂತ ಒಂದು ಸಾಲು, ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಫೈಲುಗಳ ಹೆಸರು, ಅದರಲ್ಲಿ ಎಕ್ಸೆಲ್. ಮತ್ತೊಂದು ಸಲ, ಮತ್ತೆ ಎಕ್ಸೆಲ್. ಗೆಳೆಯ ಲ್ಯಾಪ್‌ಟಾಪನ್ನು ಹುಡುಗನ ಕಡೆ ತಿರುಗಿಸಿ, “ಓದಪ್ಪ, ನಿಂಗೆ ಕಣ್ಣದಲ್ಲ” ಅಂದ. ಹುಡುಗ ಬಗ್ಗಿ ಓದಿದ. ತುಟಿ ಅಲ್ಲಾಡಿಸುತ್ತಾ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದ. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದನಂತೆ:

“ಎಕ್ಸೆಲ್ ಅಂಥಾದ್ದಲ್ಲ ಬುಡಿ ಸಾ. ಇದೇ ಚಾಡಿ ಹೇಳ್ತಾ ಅದೆ.”