23 ಕಿಲೋ ಅಭಾವ: ಪರದೇಶಕ್ಕೆ ಓದಲು ಹೊರಟವರ ನಿರೀಕ್ಷೆಯನ್ನು ಕುರಿತ ಒಂದು ಪೆಟ್ಟಿಗೆ-ಮೀಮಾಂಸೆ

ಕಾಣದ ದೇಶಕ್ಕೆ ಓದಲು ಹೊರಟವರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಪಂಡಿತರು ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಪೆಟ್ಟಿಗೆಯಲ್ಲಿ ಏನಿರುತ್ತದೆ ಎಂದು ಮಾತ್ರ ಯಾರೂ ಬಗ್ಗಿ ನೋಡಿದಂತಿಲ್ಲ. ನಾರ್ವೆಯ ಲಿಸ್ಗಾರ್ಡ್ 1955ರಲ್ಲಿ, ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದ ಫುಲ್‌ಬ್ರೈಟ್ ವಿದ್ವಾಂಸರನ್ನು ವಿಚಾರಿಸಿ, ಪರದೇಶಕ್ಕೆ ಹೊಂದಿಕೊಳ್ಳುವವರ ಮನಸ್ಸು ಇಂಗ್ಲಿಷಿನ ‘ಯು’ ಅಕ್ಷರದಂತೆ ಮೊದಲು ಮೇಲಿದ್ದು, ಕೆಳಗಿಳಿದು, ಮತ್ತೆ ಮೇಲೇರುತ್ತದೆ ಎಂದರು. ಜಾನ್ ಮತ್ತು ಜೀನ್ ಗಲ್ಲಾಹಾರ್ನ್ 1963ರಲ್ಲಿ, ಊರಿಗೆ ಮರಳಿದ ಮೇಲೂ ಹಾಗೇ ಆಗುತ್ತದೆ ಎಂದು ಪಕ್ಕಕ್ಕೊಂದು ‘ಯು’ ಅಂಟಿಸಿ ‘ಡಬ್ಲ್ಯು’ ಮಾಡಿದರು. ‘ಕಲ್ಚರ್ ಶಾಕ್’ ಎಂಬ ಮಾತನ್ನು ಪ್ರಚಾರಕ್ಕೆ ತಂದ ಮಾನವಶಾಸ್ತ್ರಜ್ಞ ಓಬರ್ಗ್ ಅದರ ಮೊದಲ ಘಟ್ಟಕ್ಕೆ ಮಧುಚಂದ್ರ ಎಂದೇ ಹೆಸರಿಟ್ಟರು. ಇವರೆಲ್ಲರ ಲೆಕ್ಕವೂ ಶುರುವಾಗುವುದು ಆ ನೆಲದಲ್ಲಿ ಕಾಲಿಟ್ಟ ಮೇಲೆ. ಹೆಣ್ಣು ನೋಡಿದ್ದು, ಮಾತುಕತೆ, ಛತ್ರ ಹುಡುಕಿದ್ದು, ಬೀಗರ ಮುನಿಸು ಎಲ್ಲವನ್ನೂ ಬಿಟ್ಟು ನೇರ ಮಧುಚಂದ್ರದಿಂದ ಮದುವೆಯ ವರದಿ ಬರೆಯುವುದು ಪಾಶ್ಚಾತ್ಯರಿಗೇ ಹೊಳೆಯಬೇಕು. ಹೊರಡುವ ಮುಂಚಿನ ತಿಂಗಳುಗಳ ಬಗ್ಗೆ ಶಾಸ್ತ್ರದಲ್ಲಿ ಬಿಟ್ಟುಹೋದ ಆ ಜಾಗವನ್ನು ತುಂಬುವುದು ಈ ಪ್ರಬಂಧದ ಉದ್ದೇಶ. ಇದರ ವಾದ ಒಂದೇ: ಅಪರಿಚಿತ ದೇಶದಲ್ಲಿ ಏನಿದೆ ಎಂದು ಊಹಿಸುವ ನಿರೀಕ್ಷೆ ಸುಳ್ಳಾಗುತ್ತದೆ, ಏನಿಲ್ಲ ಎಂದು ಊಹಿಸುವ ನಿರೀಕ್ಷೆ ಮಾತ್ರ ಕೈ ಹಿಡಿಯುತ್ತದೆ, ಈ ಎರಡನೆಯದರ ಲಿಖಿತ ದಾಖಲೆಯೇ ಸೂಟ್‌ಕೇಸ್.

ವಾದ ಹೂಡಲು ಒಂದು ನೆಲ ಬೇಕಲ್ಲ, ಜರ್ಮನಿಯನ್ನು ತೆಗೆದುಕೊಳ್ಳೋಣ. 2023–24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಅಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 49,483. ವಿದೇಶಿ ವಿದ್ಯಾರ್ಥಿಗಳಲ್ಲಿ ಅದೇ ದೊಡ್ಡ ಗುಂಪು. ಇವರ ಹಿಂದಿನ ಓದು ಸಾಚಾ ಹೌದೇ ಎಂದು ಎಪಿಎಸ್ ಪ್ರಮಾಣಪತ್ರ ನೋಡುತ್ತದೆ. ಮುಂದಿನ ಊಟಕ್ಕೆ ದುಡ್ಡಿದೆಯೇ ಎಂದು ಬ್ಲಾಕ್ಡ್ ಅಕೌಂಟ್ ನೋಡುತ್ತದೆ: 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ ಅದರಲ್ಲಿಟ್ಟು, ತಿಂಗಳಿಗೆ 992ರಂತೆ ತಮ್ಮದೇ ಹಣವನ್ನು ತಾವೇ ಭತ್ಯೆಯಾಗಿ ಪಡೆಯಬೇಕು. ಭೂತಕ್ಕೊಂದು ಕಾಗದ, ಭವಿಷ್ಯಕ್ಕೊಂದು ಕಾಗದ ಆಯಿತು. ನಿರೀಕ್ಷೆಯನ್ನು ಅಳೆಯಲು ಉಳಿಯುವುದು ವಿಮಾನ ಕಂಪನಿಗಳು ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ ಹಾಕಿರುವ 23 ಕಿಲೋ ಮಿತಿ. ಅಳೆಯುವ ವಿಧಾನವೂ ಸರಳ. ಮನೆಯ ತೂಕದ ಯಂತ್ರದ ಮೇಲೆ ಅಪ್ಪ ಪೆಟ್ಟಿಗೆ ಅಪ್ಪಿಕೊಂಡು ಒಮ್ಮೆ ನಿಲ್ಲುತ್ತಾರೆ, ಬರಿಗೈಯಲ್ಲಿ ಇನ್ನೊಮ್ಮೆ ನಿಲ್ಲುತ್ತಾರೆ. ಮೊದಲಿನದರಿಂದ ಅಪ್ಪನನ್ನು ಕಳೆದರೆ ಉಳಿಯುವುದೇ ನಿರೀಕ್ಷೆ.

ಈಗ ಪೆಟ್ಟಿಗೆಯನ್ನೇ ಒಂದು ಗ್ರಂಥವೆಂದು ಭಾವಿಸಿ ಓದಬೇಕು. ಮೂರು ಲೀಟರಿನ ಕುಕ್ಕರ್, ಅದರೊಳಗೆ ಜಾಗ ಹಾಳಾಗಬಾರದೆಂದು ತುರುಕಿದ ಕಾಲುಚೀಲ, ಕಾಲುಚೀಲದೊಳಗೆ ಒಗ್ಗರಣೆ ಸೌಟು, ಬಿಡಿ ಗ್ಯಾಸ್ಕೆಟ್ ಎರಡು. ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಪ್ರತಿಯೊಂದಕ್ಕೂ ಎರಡೆರಡು ಪ್ಲಾಸ್ಟಿಕ್ ಕವರು, ಮೇಲೆ ಸೆಲೊಟೇಪು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು. ಗೊಜ್ಜವಲಕ್ಕಿ, ಇಂಗಿನ ಡಬ್ಬಿ, ಸೂಜಿದಾರ, ಬಾಚಣಿಗೆ, ಉಪ್ಪು. ನ್ಯೂರೆಂಬರ್ಗ್ ಪಕ್ಕದ ಸ್ಟೈನ್ ಎಂಬ ಊರಿನಲ್ಲಿ ಫೇಬರ್ ಮನೆತನ 1761ರಿಂದ ಪೆನ್ಸಿಲ್ ಮಾಡುತ್ತಿರುವ ದೇಶಕ್ಕೆ ಎರಡು ಡಜನ್ ಪೆನ್ಸಿಲ್. ಈ ಗ್ರಂಥವನ್ನಷ್ಟೇ ಓದಿದವರಿಗೆ ಜರ್ಮನಿ ಎಂದರೆ ಉಪ್ಪಿಲ್ಲದ, ಸೂಜಿಯಿಲ್ಲದ, ತಲೆ ಬಾಚಿಕೊಳ್ಳದ ಜನರ ನಾಡು. ಇಲ್ಲಿರುವುದು ಪ್ರಮಾದವಲ್ಲ, ಪ್ರಮಾಣ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಆರನೆಯ ಪ್ರಮಾಣಕ್ಕೆ ಅನುಪಲಬ್ಧಿ ಎಂದು ಹೆಸರು: ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪದಿದ್ದರೂ, ಇಲ್ಲದಿರುವುದರಲ್ಲಿ ನಾಲ್ಕು ಬಗೆ ಎಂದು ಶಿಸ್ತಾಗಿ ವಿಂಗಡಿಸಿಟ್ಟಿದ್ದಾರೆ. ನಾಲ್ಕೂ ಈ ಪೆಟ್ಟಿಗೆಯಲ್ಲಿವೆ. ಪುಡಿಯ ಪೊಟ್ಟಣದಲ್ಲಿ ಇನ್ನೂ ಹುಟ್ಟದ ಸಾರಿನದು ಪ್ರಾಗಭಾವ. ವಿಮಾನ ಬದಲಿಸುವ ಕಡೆ ಯಾರೋ ಎತ್ತಿ ಎಸೆದಾಗ ಒಡೆದು, ಹೊಸ ಅಂಗಿಗಳಿಗೆಲ್ಲ ಎಣ್ಣೆ ಕುಡಿಸಿದ ಮಾವಿನಮಿಡಿ ಉಪ್ಪಿನಕಾಯಿ ಶೀಶೆಯದು ಪ್ರಧ್ವಂಸಾಭಾವ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ‘ಕಾಫಿ ಆರ್ತಾ ಇದೆ’ ಎಂದು ಅಡುಗೆಮನೆಯಿಂದ ಬರುವ ಕೂಗನ್ನು ಯಾವ ಕವರಿನಲ್ಲೂ ಕಟ್ಟಲಾಗದು. ಅದು ಅತ್ಯಂತಾಭಾವ, ಅದರ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಇನ್ನುಳಿದ ಅನ್ಯೋನ್ಯಾಭಾವಕ್ಕೆ ಶಾಸ್ತ್ರದಲ್ಲಿ ‘ಘಟವು ಪಟವಲ್ಲ’ ಎಂಬ ಉದಾಹರಣೆ ಹಳೆಯದಾಯಿತು. 1949ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ, ಸಾಸೇಜಿನ ಮೇಲೆ ಕರಿಪುಡಿ ಉದುರಿಸುವ ಕರಿವುರ್ಸ್ಟ್ ನಮ್ಮ ಹುಳಿಯಲ್ಲ ಎಂದರೆ ಇಂದಿನವರಿಗೆ ಬೇಗ ತಿಳಿಯುತ್ತದೆ.

ಇರುವುದನ್ನು ಊಹಿಸಿ ಹೊರಟವರ ಪಾಡೇನು? ಚರಿತ್ರೆ ಇಲ್ಲಿ ನಮ್ಮ ಪಕ್ಷ. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತಿದ ಕಾನೂನು ವಿದ್ಯಾರ್ಥಿ ಮೋಹನದಾಸ ಗಾಂಧಿಯನ್ನು ಅವರ ಜಾತಿಯವರು ಬಹಿಷ್ಕರಿಸಿ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದ್ದರು. (ಇಂದು ಆ ದಂಡ ಜಾರಿಯಲ್ಲಿದ್ದರೆ ದೇವನಹಳ್ಳಿಯ ನಿಲ್ದಾಣವೊಂದರಿಂದಲೇ ರಾಜ್ಯದ ಬೊಕ್ಕಸ ತುಂಬುತ್ತಿತ್ತು.) ಇಂಗ್ಲೆಂಡಿನಲ್ಲಿ ಇಳಿಯುವಾಗ ಬಿಳಿಯದೇ ಚೆಂದವೆಂದು ಗಾಂಧಿ ಬಿಳಿ ಫ್ಲಾನೆಲ್ ಸೂಟನ್ನು ಜೋಪಾನವಾಗಿ ಎತ್ತಿಟ್ಟಿದ್ದರು. ಇಳಿದು ನೋಡಿದರೆ ಆ ಉಡುಪಿನಲ್ಲಿದ್ದವರು ಅವರೊಬ್ಬರೇ. ಅದೇ ಪ್ರಯಾಣದಲ್ಲಿ, ಹಡಗಿನಲ್ಲಿ ತನಗೆ ತಿನ್ನಲು ಆಗುವಂಥದ್ದು ಇರಲಿಕ್ಕಿಲ್ಲ ಎಂಬ ಎಣಿಕೆಯಿಂದ ತಂದಿದ್ದ ಸಿಹಿತಿಂಡಿ, ಹಣ್ಣು ಮಾತ್ರ ದಾರಿಯಲ್ಲಿ ಹೊಟ್ಟೆ ಕಾದವು. ಒಬ್ಬನೇ ವಿದ್ಯಾರ್ಥಿ, ಒಂದೇ ಪ್ರಯಾಣ. ಇರುವುದನ್ನು ಊಹಿಸಿದ ಪೆಟ್ಟಿಗೆ ನಗೆಪಾಟಲಾಯಿತು, ಇಲ್ಲದ್ದನ್ನು ಊಹಿಸಿದ ಪೆಟ್ಟಿಗೆ ಊಟ ಹಾಕಿತು. ಇಂದಿನ ಜರ್ಮನಿಗೂ ಇದು ಸಲ್ಲುತ್ತದೆ. ಜರ್ಮನರು ಗಡಿಯಾರದ ಜನ ಎಂದು ನಂಬಿ ಹತ್ತು ಗಂಟೆಯ ತರಗತಿಗೆ ಒಂಬತ್ತೂ ಐವತ್ತಕ್ಕೇ ಹೋಗಿ ಕೂತವರು, ವೇಳಾಪಟ್ಟಿಯಲ್ಲಿ ‘ಸಿ.ಟಿ.’ ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ ಎಂದು ಖಾಲಿ ಬೆಂಚುಗಳ ನಡುವೆ ಕಲಿಯುತ್ತಾರೆ. ಆ ಕಾಲು ಗಂಟೆ ಅಲ್ಲಿನ ವಿಶ್ವವಿದ್ಯಾಲಯಗಳ ಹಳೆಯ ಸಂಪ್ರದಾಯ. ಉಪನ್ಯಾಸ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಬಡಿದರೆ ಅದು ಗಲಾಟೆಯಲ್ಲ, ಚಪ್ಪಾಳೆ. ಅಂಕದಲ್ಲಿ 1.0 ಅತ್ಯುತ್ತಮ, 4.0 ಅಂಚಿನಲ್ಲಿ ಪಾಸು, 5.0 ನಪಾಸು. ‘ಮಗಳಿಗೆ ಎಷ್ಟು ಬಂತು?’ ಎಂದ ಪಕ್ಕದ ಮನೆಯವರಿಗೆ ‘ಒಂದು’ ಎಂದು ಹೆಮ್ಮೆಯಿಂದ ಹೇಳುವ ಪರಿಸ್ಥಿತಿಗೆ ಯಾವ ತಾಯಿಯೂ ಮೊದಲೇ ಸಿದ್ಧರಾಗಿರುವುದಿಲ್ಲ. ಇದರಲ್ಲಿ ವಿದ್ಯಾರ್ಥಿಗಳ ತಪ್ಪೇನೂ ಇಲ್ಲ. 1853ರಲ್ಲಿ ಜರ್ಮನಿಯಿಂದ ನಮ್ಮಲ್ಲಿಗೆ ಬಂದ ಕಿಟೆಲರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಂಥವರಿಗೇ 41 ವರ್ಷ ಹಿಡಿದ ಕೆಲಸವನ್ನು ನಮ್ಮವರು ಒಂದು ಸಂಜೆ ಮೂರು ಯೂಟ್ಯೂಬ್ ವಿಡಿಯೊ ನೋಡಿ ಮುಗಿಸಬೇಕೆಂದರೆ ಆಗುವುದೆಲ್ಲಿಂದ?

ಪೂರ್ವಪಕ್ಷದವರು ಸುಮ್ಮನಿರುವುದಿಲ್ಲ. ಪೆಟ್ಟಿಗೆ ತುಂಬಿದ್ದು ಅಮ್ಮ, ಆದ್ದರಿಂದ ಅದರಲ್ಲಿರುವುದು ಅಮ್ಮನ ನಿರೀಕ್ಷೆಯೇ ಹೊರತು ವಿದ್ಯಾರ್ಥಿಯದಲ್ಲ ಎಂಬುದು ಅವರ ಮೊದಲ ಆಕ್ಷೇಪ. ಹೌದು, ಕೈಬರಹ ಅಮ್ಮನದು. ಆದರೆ ‘ಇಷ್ಟೆಲ್ಲ ಯಾಕಮ್ಮ, ಅಲ್ಲಿ ಎಲ್ಲ ಸಿಗತ್ತೆ’ ಎಂದು ಹಗಲು ಗೊಣಗಿದವರು ರಾತ್ರಿ ಎದ್ದು ಚಟ್ನಿಪುಡಿಯ ಎರಡನೆಯ ಪೊಟ್ಟಣವನ್ನು ತಾವೇ ಒಳಗೆ ತುರುಕುವುದು ಎಲ್ಲ ಮನೆಗಳಲ್ಲೂ ನಡೆಯುವ ವಿದ್ಯಮಾನವಾದ್ದರಿಂದ, ಕೃತಿಯ ಸಹಲೇಖಕತ್ವ ಸಿದ್ಧವಾಗುತ್ತದೆ. ಎರಡನೆಯ ಆಕ್ಷೇಪ ಗಟ್ಟಿಯಾದುದು. ಅನುಪಲಬ್ಧಿ ಪ್ರಮಾಣವಾಗಬೇಕಾದರೆ ಅದು ಯೋಗ್ಯವಾಗಿರಬೇಕು, ಅಂದರೆ ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವ ಸ್ಥಿತಿ ಇರಬೇಕು. ಬಸವನಗುಡಿಯಲ್ಲಿ ಕೂತವರಿಗೆ ಸ್ಟುಟ್‌ಗಾರ್ಟಿನ ಅಂಗಡಿಯಲ್ಲಿ ಇಂಗು ಕಾಣಲಿಲ್ಲ ಎಂದರೆ ಅದು ಇಲ್ಲ ಎಂದು ಹೇಗಾದೀತು, ಅಲ್ಲಿ ಇಂಡಿಯನ್ ಸ್ಟೋರುಗಳೇ ಇವೆಯಲ್ಲ, ಎಂದು ಅವರು ಕೇಳುತ್ತಾರೆ. ಇವೆ ಎಂದೇ ಒಪ್ಪೋಣ. ವಿಮಾನ ಶನಿವಾರ ರಾತ್ರಿ ಇಳಿಯಿತು ಎಂದೂ ಒಪ್ಪೋಣ. ಭಾನುವಾರವನ್ನು ವಿಶ್ರಾಂತಿಯ ದಿನವಾಗಿ ರಕ್ಷಿಸುವ ಮಾತು 1919ರ ವೈಮಾರ್ ಸಂವಿಧಾನದ 139ನೆಯ ವಿಧಿಯಲ್ಲಿತ್ತು. 1949ರ ಮೂಲ ಕಾನೂನು ತನ್ನ 140ನೆಯ ವಿಧಿಯಲ್ಲಿ ಅದನ್ನು ಹಾಗೇ ಉಳಿಸಿಕೊಂಡಿದೆ. ರೈಲು ನಿಲ್ದಾಣದಂಥ ಕೆಲವು ಕಡೆ ಬಿಟ್ಟರೆ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಆ ಭಾನುವಾರ ಮಧ್ಯಾಹ್ನ ಹೊಟ್ಟೆಗಾಗುವುದು ಗೊಜ್ಜವಲಕ್ಕಿ. ಅಮ್ಮನ ಪೆಟ್ಟಿಗೆಯ ಬೆನ್ನಿಗೆ ಜರ್ಮನಿಯ ಸಂವಿಧಾನವೇ ನಿಂತಿರುವಾಗ ತಾರ್ಕಿಕರು ಸ್ವಲ್ಪ ತಗ್ಗಿ ಮಾತಾಡುವುದು ಮೇಲು.

ಇನ್ನೊಂದು ಸಾಕ್ಷ್ಯ ವಿಮಾನನಿಲ್ದಾಣದ ನೆಲದ ಮೇಲೆಯೇ ಸಿಗುತ್ತದೆ. ಕೌಂಟರಿನ ತಕ್ಕಡಿ 26 ಕಿಲೋ ತೋರಿಸುತ್ತದೆ, ಇಡೀ ಕುಟುಂಬ ಪಕ್ಕಕ್ಕೆ ಸರಿದು ಪೆಟ್ಟಿಗೆ ಬಿಚ್ಚಿ ಮಂಡಿಯೂರುತ್ತದೆ. ಮೊದಲು ಹೊರಬರುವುದು ಪುಸ್ತಕ. ಓದಲು ಹೋಗುವವರು ಪುಸ್ತಕ ಬಿಟ್ಟು ಹುಳಿಪುಡಿ ಒಯ್ಯುವುದನ್ನು ನೋಡಿ ನಗುವವರಿಗೆ ನಮ್ಮ ಸಿದ್ಧಾಂತ ಇನ್ನೂ ತಲೆಗೆ ಹೋಗಿಲ್ಲ ಎಂದೇ ಅರ್ಥ. ಹೈಡೆಲ್‌ಬರ್ಗಿನಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1386ರಲ್ಲಿ. ಇಷ್ಟು ಶತಮಾನಗಳಲ್ಲಿ ಆ ದೇಶದವರು ಪುಸ್ತಕಕ್ಕೆ ಕೊರತೆ ಮಾಡಿಕೊಂಡಿಲ್ಲ, ಹುಳಿಪುಡಿಗೆ ಕೈ ಹಾಕಿಲ್ಲ.

ಉತ್ತರವಿಲ್ಲದ ಆಕ್ಷೇಪ ಒಂದೇ, ಕಸ್ಟಮ್ಸಿನವರದು. ಭಾರತದಿಂದ ಹೋಗುವವರು ಹಾಲಿನ ಉತ್ಪನ್ನಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಧಾರವಾಡ ಪೇಡೆ ಹಾಲೋ ಸಿಹಿತಿಂಡಿಯೋ ಎಂದು ಫ್ರಾಂಕ್‌ಫರ್ಟಿನಲ್ಲಿ ವಾದ ಹೂಡುವ ಧೈರ್ಯವಿದ್ದವರು ಹೂಡಬಹುದು. ತಿಪಟೂರಿನ ಕೊಬ್ಬರಿ ತಾನಾಗಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿರುವುದರಿಂದ ವಿಮಾನವನ್ನೇ ಹತ್ತದು. 2019ರ ಡಿಸೆಂಬರಿನಿಂದ ಹಸಿ ಸೊಪ್ಪು, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಹಾಗಾಗಿ ಟವೆಲಿನಲ್ಲಿ ಸುತ್ತಿಟ್ಟ ಕರಿಬೇವನ್ನು ಈಗಲೇ ತೆಗೆದಿಡಿ. ಆ ನಿಯಮದಿಂದ ಬಿಟ್ಟಿರುವುದು ಐದೇ ಹಣ್ಣು: ಅನಾನಸ್, ಬಾಳೆ, ಖರ್ಜೂರ, ಡುರಿಯನ್ ಮತ್ತು ತೆಂಗಿನಕಾಯಿ. ಕಾಯಿಯ ಬಗ್ಗೆ ವಿಮಾನ ಕಂಪನಿಯನ್ನು ಒಂದು ಮಾತು ಕೇಳಿಕೊಂಡು, ತೂಕ ಉಳಿದಿದ್ದರೆ ಒಂದನ್ನು ಇಟ್ಟುಕೊಡಿ.