ಟೊಮೆಟೊ ಬಳಗದ ತಿಥಿ

(ಬಿದರೆಹಳ್ಳ ಕಾವಲ್. 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಊರಲ್ಲಿ ಒಂದು ಟೀ ಅಂಗಡಿ.)

ಗೌಡ್ರು: ನಮ್ಮ ಟೊಮೆಟೊ ಬಳಗ ಇತ್ತಲ್ಲ, ಏನ್ ಕಾಲ ಅದು ಮೇಷ್ಟ್ರೇ!

ಮೇಷ್ಟ್ರು: 2023ರ ಜುಲೈ. ಕೋಲಾರದ ಮಂಡೀಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು.

ಗೌಡ್ರು: ಅಡಿಕೆ ತೋಟದೋರೂ ಕುಂಡ ಇಟ್ಕೊಂಡು ಬಂದು ಸೇರಿದ್ರು. ಒಂದೆಲೆ ಮುದುರಿದ್ರೆ ಊರೆಲ್ಲ ಡಾಕ್ಟ್ರು.

ಮೇಷ್ಟ್ರು: ಎಲೆಮುದುರು ರೋಗಕ್ಕೆ ಔಷಧಿ ಎಲ್ಲಿದೆ? ನಂಜು ತರೋದು ಬಿಳಿನೊಣ. ಹೆಸರಘಟ್ಟದ 'ಅರ್ಕಾ ರಕ್ಷಕ್' ತಳಿ ಹಾಕಿ, ಮೂರು ರೋಗ ತಡ್ಕೊಳ್ಳುತ್ತೆ ಅಂತ ಬಡ್ಕೊಂಡೆ.

ಗೌಡ್ರು: ನೀವು ಹೇಳಿದ್ರಿ, ಯಾರೂ ಕೇಳ್ಲಿಲ್ಲ. ನಾನು ಹುಳಿ ಮಜ್ಜಿಗೆ ಅಂದೆ, ಎಲ್ರೂ ಹೊಡೆದ್ರು.

ಮೇಷ್ಟ್ರು: ಗಿಡ ಸತ್ವಲ್ಲ?

ಗೌಡ್ರು: ಸತ್ವು. ಒಗ್ಗಟ್ಟು ನೋಡಿ, ಒಂದೇ ದಿನ ಸತ್ವು!

ಮೇಷ್ಟ್ರು: ಉಳಿದ ಗಿಡದಲ್ಲಿ ಕಾಯಿ ತಳ ಕಪ್ಪಾಯ್ತು. ಒಂದಿನ ಮೊಣಕಾಲುದ್ದ ನೀರು, ನಾಲ್ಕು ದಿನ ಉಪವಾಸ. ಕಾಯಿಗೆ ಸುಣ್ಣದಂಶ ಹೋಗೋದು ಹ್ಯಾಗೆ?

ಗೌಡ್ರು: ದೃಷ್ಟಿಬೊಂಬೆ ಕಟ್ಟಿದ್ಮೇಲೆ ನಿಲ್ತಲ್ಲ!

ಮೇಷ್ಟ್ರು: ಕಾಯಿ ಮುಗಿದಿತ್ತು ಗೌಡ್ರೇ.

ಗೌಡ್ರು: ಹೋಗ್ಲಿ, ಬಳಗ ಯಾಕೆ ಮುಳುಗ್ತು?

ಮೇಷ್ಟ್ರು: ಸೆಪ್ಟೆಂಬರಲ್ಲಿ ರೇಟು ನೆಲ ಕಚ್ತು. ಯಾವ ರೋಗಾನೂ ಇಲ್ದೆ ಸದಸ್ಯರೆಲ್ಲ ಬಾಡಿದ್ರು.

ಗೌಡ್ರು: ಈಗ ಬೆಳ್ಳುಳ್ಳಿ ಬಳಗ ಕಟ್ಟಿದ್ದೀವಿ. ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಸೇರಿಸ್ಕೊಂಡಿಲ್ಲ.