ಬಾನೆಟ್ ಎತ್ತಿದವನ ಪಾಡು

ನಮ್ಮ ಬೀದಿಯಲ್ಲಿ ಜನ ಸೇರಿಸಲು ಶಾಮಿಯಾನ ಬೇಡ, ಮೈಕು ಬೇಡ, ಪ್ರಸಾದ ವಿನಿಯೋಗವೂ ಬೇಡ. ಮನೆ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದರೆ ಸಾಕು. ಜ್ವರ ಬಂದು ವಾರ ಮಲಗಿದರೂ ಇಣುಕದವರು ಬಾನೆಟ್ ಎತ್ತಿದ ಗಳಿಗೆಗೆ ಹಾಜರು. ಬಂದವರು ಸುಮ್ಮನೆ ನಿಲ್ಲುವವರಲ್ಲ. ಒಬ್ಬೊಬ್ಬರ ಜೇಬಿನಲ್ಲೂ ಒಂದೊಂದು ಸಲಹೆ ಇರುತ್ತದೆ.

ನನ್ನದು ಮಾರುತಿ 800. 1983ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈ ಕೊಟ್ಟರಲ್ಲ, ಆ ವಂಶದ ಕುಡಿ. 2014ರಲ್ಲಿ ಆ ವಂಶದ ಹೆರಿಗೆಯೂ ನಿಂತಿತು. 15 ವರ್ಷ ತುಂಬಿದ ಮೇಲೆ ಆರ್‌ಟಿಓದವರು ನೋಡಿ, ತಟ್ಟಿ, ಇನ್ನೈದು ವರ್ಷ ಆಯಸ್ಸು ಬರೆದುಕೊಟ್ಟರು. ಆದೇಶದ ಪ್ರತಿ ಇಂಜಿನ್ನನ್ನು ಹೊತ್ತ ಮೌಂಟಿಂಗಿನ ರಬ್ಬರಿಗೆ ಮಾತ್ರ ತಲುಪಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತರೆ ಸಾಕು, ನಡುಕ ಶುರು. ಮೊದಲು ಗೇರ್ ಲಿವರ್, ಆಮೇಲೆ ಸ್ಟೀರಿಂಗ್, ಆಮೇಲೆ ಡ್ಯಾಶ್‌ಬೋರ್ಡಿನ ಗಣಪತಿ, ಕಡೆಗೆ ಹಿಂದೆ ಕೂತ ಅತ್ತೆಯವರ ಮಾತು. ಏಸಿ ಹಾಕಿದರೆ ನಡುಕ ಇಮ್ಮಡಿ. ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಒಳಗಿನಿಂದ ‘ಧಡ್’ ಎಂಬ ಉತ್ತರ. ಅತ್ತೆಯವರಂತೂ, “ಏನೇ ಅನ್ನಿ ಅಳಿಯಂದ್ರೇ, ಈ ಕಾರಲ್ಲಿ ಕೂತ್ರೆ ಉಂಡಿದ್ದು ಬೇಗ ಕರಗುತ್ತೆ” ಎಂದು ಮೆಚ್ಚುಗೆಯ ಪತ್ರವನ್ನೇ ಕೊಟ್ಟಿದ್ದರು.

ರೋಗವೇನೆಂದು ನೋಡೋಣವೆಂದು ಬಾನೆಟ್ ಎತ್ತಿದೆ. ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ಚಪ್ಪಲಿ ಮೆಟ್ಟಿಕೊಂಡೇ ತೀರ್ಪಿತ್ತರು: “ವೀಲ್ ಬ್ಯಾಲೆನ್ಸಿಂಗ್ ಹೋಗಿದೆ, ನೋಡ್ಕೊಳ್ಳಿ.” ಕಾರು ನಿಂತಲ್ಲೇ ನಡುಗುತ್ತಿತ್ತು. ತಿರುಗದ ಚಕ್ರಕ್ಕೆ ಯಾವ ಬ್ಯಾಲೆನ್ಸು? ಬ್ಯಾಂಕಿನಲ್ಲಿದ್ದವರಿಗೆ ಎಲ್ಲೆಲ್ಲೂ ಬ್ಯಾಲೆನ್ಸೇ ಕಾಣುತ್ತದೋ ಏನೋ. ಮಹಡಿ ಮನೆಯ ಇಂಜಿನಿಯರಿಂಗ್ ಹುಡುಗ, “ಸೆನ್ಸರ್ ಇರ್ಬೇಕು ಅಂಕಲ್” ಎಂದ. ಹಾಲಿನವನು ಸೈಕಲ್ ನಿಲ್ಲಿಸಿ, “ಪೆಟ್ರೋಲ್‌ಗೆ ನೀರು ಸೇರಿದೆ ಸಾರ್” ಎಂದ. ನೀರು ಸೇರಿಸುವ ವಿಷಯದಲ್ಲಿ ಅವನ ಅನುಭವವನ್ನು ತಳ್ಳಿಹಾಕುವಂತಿಲ್ಲವಾದರೂ, ಪರೀಕ್ಷೆ ಮಾಡದೆ ಒಪ್ಪುವುದು ಹೇಗೆ?

ಪರೀಕ್ಷೆ ಸುಲಭ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ಬ್ರೇಕ್ ಒತ್ತಿ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಒಂದಿಷ್ಟು ಬಿಡಬೇಕು. ಇನ್ನೊಬ್ಬರು ಕಾರಿನ ಎದುರಿಗಲ್ಲ, ಪಕ್ಕದಲ್ಲಿ ನಿಂತು ಇಂಜಿನ್ ನೋಡಬೇಕು. ಹೆಂಡತಿ ನೋಡಿ ಹೇಳಿದಳು: “ಎದ್ದು ಕೂತ್ಕೊಂಡ್ತು ರೀ!” ಇಷ್ಟು ಸಾಕು. ರಬ್ಬರು ಹರಿದಿದೆ.

796 ಸಿಸಿಯ ಈ ಇಂಜಿನ್ನಿಗೆ ಮೂರೇ ಸಿಲಿಂಡರು. ಪಿಸ್ಟನ್‌ಗಳ ಮೇಲುಕೆಳಗಿನ ತಳ್ಳಾಟ ಒಂದಕ್ಕೊಂದು ಸರಿಹೋದರೂ, ಸಾಲಿನ ಈ ತುದಿ ಏಳುವಾಗ ಆ ತುದಿ ಕೂರುವ ತೂಗಾಟ ಉಳಿದೇ ಉಳಿಯುತ್ತದೆ. ಐಡ್ಲಿಂಗಿನಲ್ಲಿ ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ಸೆಕೆಂಡಿಗೆ 22-23 ಸಲ ಒಳಗೆ ಬೆಂಕಿ ಹೊತ್ತುತ್ತದೆ. ಅಷ್ಟನ್ನೂ ನುಂಗಿಕೊಂಡು ಕೂರುವುದು ಎರಡು ಕಬ್ಬಿಣದ ತುಂಡುಗಳ ನಡುವಿನ ಮುಷ್ಟಿಗಾತ್ರದ ರಬ್ಬರು. ಬಿಸಿ ಅದಕ್ಕೆ ಆಗದು, ಸೋರುವ ಆಯಿಲ್ ಅದಕ್ಕೆ ಆಗದು. ಪಾಪ, ಅದು ಇರುವುದು ಇವೆರಡೂ ಯಥೇಚ್ಛವಾಗಿರುವ ಜಾಗದಲ್ಲೇ.

ಹಿಂದೆ ಇಂಜಿನ್ನನ್ನು ನೇರವಾಗಿ ಚಾಸಿಗೇ ಬಿಗಿಯುತ್ತಿದ್ದರು. ಇಂಜಿನ್ ನಡುಗಿದರೆ ಒಳಗೆ ಕೂತ ದೊರೆಗಳೂ ನಡುಗಬೇಕು. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಇಂಜಿನ್ನನ್ನು ರಬ್ಬರಿನ ಮೇಲೆ ತೂಗುವಂತೆ ಕೂರಿಸಿ ‘ಫ್ಲೋಟಿಂಗ್ ಪವರ್’ ಎಂದು ಡಂಗುರ ಸಾರಿತು. ಅದರ ಹಕ್ಕು ಪಡೆದ ಫ್ರಾನ್ಸಿನ ಸಿಟ್ರೊಯೆನ್ ತನ್ನ ಕಾರಿನ ಮೂತಿಗೆ ತೇಲುವ ಹಂಸದ ಲಾಂಛನ ಹಚ್ಚಿತು. ನನ್ನ ಕಾರಿಗೂ ಒಂದು ಲಾಂಛನ ಬೇಕೆಂದರೆ, ಮಳೆಯಲ್ಲಿ ನೆಂದು ಮೈ ಕೊಡವುವ ನಾಯಿ ತಕ್ಕದ್ದಾಗಿತ್ತು.

ಹೊಸ ಮೌಂಟಿಂಗ್ ತರಲು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ತಲೆ ಎತ್ತದೆ, “ಕಂಪನೀದಾ, ಲೋಕಲ್ಲಾ?” ಎಂದರು. ಎರಡನ್ನೂ ಹೆಬ್ಬೆರಳಿನಲ್ಲಿ ಒತ್ತಿ ನೋಡಿದೆ. ಲೋಕಲ್ಲಿನದು ಅಗ್ಗವೂ ಹೌದು, ಕಲ್ಲೂ ಹೌದು. ರಬ್ಬರು ಗಟ್ಟಿಯಾದಷ್ಟೂ ಇಂಜಿನ್ನಿನ ನಡುಕವನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಸೀಟಿಗೆ ರವಾನಿಸುತ್ತದೆ. ಇಂಥ ಪ್ರಾಮಾಣಿಕತೆ ನನಗೆ ಬೇಕಿರಲಿಲ್ಲ. ಕಂಪನಿಯದನ್ನೇ ತಂದೆ.

ಭಾನುವಾರ ಕಾಫಿ ಮುಗಿಸಿ ಕೆಲಸಕ್ಕಿಳಿದೆ. ಹಿಂದಿನ ರಾತ್ರಿಯೇ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿದ್ದೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಜ್ಯಾಕನ್ನು ಇಂಜಿನ್ನಿನ ಅಡಿಗೆ ಕೊಟ್ಟೆ. ಆಯಿಲ್ ಸಂಪು ತೆಳು ತಗಡಿನದು. ಜ್ಯಾಕಿನ ತಲೆ ನೇರವಾಗಿ ತಾಗಿದರೆ ನೆಗ್ಗುತ್ತದೆಂದು ನಡುವೆ ಅಗಲವಾದ ಮರದ ಹಲಗೆ. ಮ್ಯಾನೇಜರರು ಹಲಗೆ ನೋಡಿ, “ಇದು ತೇಗವೋ, ಹಲಸೋ?” ಎಂದು ವಿಚಾರಿಸಿದರು. ಹೊನ್ನೆಯಾಗಿದ್ದರೆ ಚೆನ್ನಾಗಿತ್ತಂತೆ.

ಇಂಜಿನ್ನಿನ ಭಾರ ಜ್ಯಾಕಿನ ಮೇಲೆ ಬರುವಷ್ಟೇ ಎತ್ತಿ, ಒಂದು ಮೌಂಟಿಂಗ್ ಬಿಚ್ಚಿ ಅಲ್ಲಿಗೆ ಹೊಸದು ಹಾಕಿದ ಮೇಲೆಯೇ ಇನ್ನೊಂದಕ್ಕೆ ಕೈ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಇಂಜಿನ್ ತನಗೆ ತೋಚಿದ ದಿಕ್ಕಿಗೆ ವಾಲುತ್ತದೆ. ಒಂದು ಕಡೆಯಿಂದ “ಎಡಕ್ಕೆ ತಿರುಗಿಸಿ”, ಇನ್ನೊಂದು ಕಡೆಯಿಂದ “ಅಯ್ಯೋ, ಬಲಕ್ಕೆ!” ಎಂಬ ಹಿಮ್ಮೇಳದ ನಡುವೆ ಹಳೆಯದು ಹೊರಬಂತು. ರಬ್ಬರು ಒಂದು ಕಡೆ, ಕಬ್ಬಿಣ ಒಂದು ಕಡೆ. ಹಾಲಿನವನು ಅದನ್ನು ತಿರುಗಿಸಿ ನೋಡಿ, “ನಾನು ಹೇಳ್ಲಿಲ್ವಾ ಸಾರ್?” ಎಂದ.

ಕಡೆಯ ಬೋಲ್ಟಿನ ಹತ್ತಿರ ಬಂದಾಗ ತೂತಿಗೆ ತೂತು ಕೂಡಲಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ. ಒಬ್ಬ ಟಾಮಿ ಎಂಬ ಸಲಾಕೆ ಹಾಕಿ ಇಂಜಿನ್ ಮೀಟಬೇಕು, ಒಬ್ಬ ಜ್ಯಾಕನ್ನು ಚೂರು ಎತ್ತಬೇಕು, ಒಬ್ಬ ಟಾರ್ಚ್ ಹಿಡಿಯಬೇಕು, ಒಬ್ಬ ತೂತು ಕೂಡಿದ ಕ್ಷಣದಲ್ಲಿ ಬೋಲ್ಟ್ ನೂಕಬೇಕು. ಸಲಹಾ ಸಮಿತಿ ಆಗಲೇ ಕೆಲಸಕ್ಕೆ ಬಂದದ್ದು. ಟಾಮಿ ಹಿಡಿದ ಮ್ಯಾನೇಜರರು ಪಂಚೆ ಎತ್ತಿ ಕಟ್ಟಿದರು. ಹಾಲಿನವನು ಜ್ಯಾಕಿಗೆ, ಹುಡುಗ ಟಾರ್ಚಿಗೆ. “ಹಾಂ… ಹಾಂ… ನೂಕಿ!” ಬೋಲ್ಟು ಒಳಗೆ ಹೋಯಿತು. ಆ ಹೊತ್ತಿನಲ್ಲಿ ಒಬ್ಬರೂ ಸಲಹೆ ಕೊಡಲಿಲ್ಲ. ಎಲ್ಲರ ಕೈಗೂ ಕೆಲಸವಿತ್ತು.

ಸ್ಟಾರ್ಟ್ ಮಾಡಿದರೆ ಗೇರ್ ಲಿವರ್ ಮರ್ಯಾದೆಯಿಂದ ನಿಂತಿತ್ತು, ಗಣಪತಿಯೂ ಸ್ಥಿರ. ಜೀರ್ಣಕ್ಕೆ ಇನ್ನು ಓಮದ ನೀರೇ ಗತಿ ಎಂದರು ಅತ್ತೆಯವರು.

ನೀವೂ ಮನೆಯಲ್ಲೇ ಮಾಡುವುದಾದರೆ ಇಷ್ಟು ನೆನಪಿಡಿ. ಬರೀ ಜ್ಯಾಕನ್ನು ನಂಬಿ ಕಾರಿನಡಿ ನುಸುಳಬೇಡಿ. ಬೋಲ್ಟುಗಳನ್ನು ಮೊದಲೇ ಪೂರ್ತಿ ಬಿಗಿಯಬೇಡಿ. ಭಾರ ಇಳಿಸಿ, ಇಂಜಿನ್ನನ್ನು ಕೈಯಿಂದ ಅಲ್ಲಾಡಿಸಿ, ಅದು ತನ್ನ ಜಾಗ ಹಿಡಿದ ಮೇಲೆ ಬಿಗಿಯಿರಿ, ಇಲ್ಲವಾದರೆ ಹೊಸ ರಬ್ಬರು ತಿರುಚಿಕೊಂಡೇ ಬಾಳು ಕಳೆಯುತ್ತದೆ. ಸಲಹೆ ಕೊಡಲು ಬಂದವರನ್ನು ಕಡೆಯ ಬೋಲ್ಟಿನವರೆಗೆ ಹೋಗಗೊಡಬೇಡಿ. ಕಾಫಿಗೆ ಹಾಲು ಸ್ವಲ್ಪ ಜಾಸ್ತಿ ಹಾಕಿಸಿಕೊಂಡಿರಿ.